ಮನದ ಕುಗ್ಗು ಭಕ್ತಿಯ ಕುಂದೇ?

ಬೆಳಗಾದರೂ ಹಾಸಿಗೆ ಬಿಟ್ಟೇಳಲಾರದೆ, ಅಂಗೈಯಲ್ಲಿ ಇಷ್ಟಲಿಂಗವಿದ್ದರೂ ದೃಷ್ಟಿ ನಿಲ್ಲಿಸಲಾರದೆ, ಕಾಯಕಕ್ಕೆ ಕೈಹಾಕಲಾರದೆ ಕುಳಿತ ಭಕ್ತನಿಗೆ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಮನಸ್ಸು ಗಟ್ಟಿಮಾಡಿಕೋ, ಶಿವಧ್ಯಾನ ಸಾಲದು.” ಈ ಮಾತಿನಲ್ಲಿ ಅಕ್ಕರೆಯಿದೆ, ಆರೋಪವೂ ಇದೆ. ಆ ಆರೋಪ ನ್ಯಾಯವಾದುದೇ ಎಂಬುದು ವಿಚಾರಾರ್ಹ.

ಸರ್ಪಗಂಧವು ಭಾರತದ ಹಳೆಯ ಮೂಲಿಕೆ. ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದು ಮದ್ದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಅದರ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆಂದು ಅದನ್ನು ಸೇವಿಸಿದವರಲ್ಲಿ ಕೆಲವರ ಮನಸ್ಸು ಕುಸಿಯಿತೆಂದು ವೈದ್ಯರು ವರದಿ ಮಾಡಿದರು. ಅದೇ ಕಾಲದಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಕೊಟ್ಟಾಗ ಅವರಲ್ಲಿ ಹಸಿವೂ ಉಲ್ಲಾಸವೂ ಮರಳಿದವು. ಮೊದಲನೆಯದು ನರತಂತುಗಳಲ್ಲಿ ಸೆರೊಟೊನಿನ್, ನಾರ್‌ಅಡ್ರಿನಲಿನ್ ಮೊದಲಾದ ದ್ರವ್ಯಗಳ ಸಂಗ್ರಹವನ್ನು ಬರಿದು ಮಾಡುವುದು. ಎರಡನೆಯದು ಅವು ನಾಶವಾಗದಂತೆ ತಡೆಯುವುದು. ಆ ರೋಗಿಗಳ ಶ್ರದ್ಧೆಯಲ್ಲಿ ಒಂದು ಎಳ್ಳಷ್ಟೂ ಬದಲಾವಣೆಯಾಗಿರಲಿಲ್ಲ.

ಹಾಗೆಂದು ದುಃಖವೆಲ್ಲ ಒಂದು ದ್ರವ್ಯದ ಕೊರತೆಯೆಂದು ಸಾರುವುದೂ ಅವಸರವೇ. ಸೆರೊಟೊನಿನ್ ಕೊರತೆಯೇ ಖಿನ್ನತೆಗೆ ಕಾರಣವೆಂಬುದಕ್ಕೆ ಸ್ಥಿರವಾದ ಸಾಕ್ಷ್ಯವಿಲ್ಲವೆಂದು 2022ರ ಒಂದು ಸಮೀಕ್ಷೆ ಹೇಳಿತು. ಔಷಧವು ಕೆಲವೇ ಗಂಟೆಗಳಲ್ಲಿ ಆ ದ್ರವ್ಯದ ಮೇಲೆ ಕೆಲಸ ಮಾಡಿದರೂ ಮನಸ್ಸು ತಿಳಿಯಾಗಲು ವಾರಗಳು ಬೇಕು. ಬಡತನ, ಅಗಲಿಕೆ, ಅವಮಾನಗಳೂ ಮಿದುಳನ್ನು ತಟ್ಟುತ್ತವೆ.

ದೇಹವನ್ನೇ ದೇಗುಲವೆಂದು ಕಂಡವರು ಬಸವಣ್ಣನವರು. ಮಿದುಳು ಆ ದೇಗುಲದ ಹೊರಗಿನದೇ? ಕಾಲು ಮುರಿದವನು ಮಠಕ್ಕೆ ನಡೆದು ಬರಲಿಲ್ಲವೆಂದು ಯಾರೂ ಆತನ ಭಕ್ತಿಯನ್ನು ಶಂಕಿಸರು. ಶರಣರ ನಡುವೆ ವೈದ್ಯ ಸಂಗಣ್ಣನಂಥ ವಚನಕಾರನೂ ಇದ್ದನು. ಮದ್ದು ಕೊಡುವುದೇ ಆತನ ಕಾಯಕ. ಮದ್ದು ಕೊಡುವುದು ಕಾಯಕವಾದಲ್ಲಿ ಅದನ್ನು ಸ್ವೀಕರಿಸುವುದು ಶ್ರದ್ಧಾಹೀನತೆ ಹೇಗಾದೀತು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಹೆಂಡತಿಯ ಮೇಲೆ ಕೈಮಾಡುವವನೂ ನಾಳೆ ಮಿದುಳಿನ ರಸವನ್ನೇ ದೂರಿಯಾನು. ಆದರೆ ಆತ ಊರ ಹಿರಿಯರ ಮುಂದೆ ಕೈ ಕಟ್ಟಿ ನಿಲ್ಲಬಲ್ಲನು; ತಡೆದುಕೊಳ್ಳುವ ಶಕ್ತಿ ಆತನಲ್ಲಿದೆ. ಖಿನ್ನನಾದವನಿಗೆ ಯಾರ ಮುಂದೆಯೂ ಏಳುವ ತ್ರಾಣವಿರದು.

ಮದ್ದು ಫಲಿಸುವವರೆಗಿನ ಆ ವಾರಗಳೇ ಕಠಿಣ. ಅಷ್ಟು ದಿನ ಆತನ ಅಂಗಡಿಯ ಬಾಗಿಲು ತೆರೆಯುವವರಾರು, ಸ್ನಾನಕ್ಕೆ ನೀರು ಕಾಯಿಸುವವರಾರು, ಕರಡಿಗೆಯನ್ನು ಕೈಗಿತ್ತು, ಮಾತಾಡಿಸದೆ ಮಗ್ಗುಲಲ್ಲಿ ಕೂರುವವರಾರು ಎಂಬುದನ್ನು ಮನೆಯವರು ತಮ್ಮತಮ್ಮಲ್ಲಿ ಹಂಚಿಕೊಳ್ಳಬೇಕಾಗಿದೆ.