ಹೊಳೆ ಕೆಡಿಸಿದ ದೋಷಕ್ಕೆ ಕರ್ತೃ ಯಾರು?

ಮದ್ದೂರನ್ನು ಹಾದು, ಮಳವಳ್ಳಿ ತಾಲ್ಲೂಕಿನಲ್ಲಿ ಧುಮುಕಿ ಕಾವೇರಿಯನ್ನು ಸೇರುವ ಶಿಂಷೆಯ ಆಸರೆಯಲ್ಲಿ ಬಾಳುವ ಸದ್ಗೃಹಸ್ಥರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಒಬ್ಬಾತನು ಇರುಳಿನಲ್ಲಿ ಊರ ಬಾವಿಗೆ ವಿಷವಿಕ್ಕಿದನೆನ್ನಿ. ಅವನು ಅಪರಾಧಿಯೆಂಬುದರಲ್ಲಿ ಯಾರಿಗೂ ಸಂದೇಹವಿರದು. ಅದೇ ವಿಷವನ್ನು ಒಂದು ಕಂಪನಿಯು ಹಗಲಿನಲ್ಲಿಯೇ ಕೊಳವೆಯ ಮೂಲಕ ಹೊಳೆಗೆ ಬಿಟ್ಟಿತೆನ್ನಿ; ಆಗ ಅಪರಾಧಿ ಯಾರು? ವಾಲ್ವು ತಿರುಗಿಸಿದ ಕೂಲಿಯೇ, ಅವನಿಗೆ ಅಪ್ಪಣೆಯಿತ್ತ ಮೇಲ್ವಿಚಾರಕನೇ, ಶುದ್ಧೀಕರಣಕ್ಕೆ ಹಣ ಮಂಜೂರು ಮಾಡದೆ ದೂರದ ನಗರದಲ್ಲಿ ಕುಳಿತ ನಿರ್ದೇಶಕನೇ? ಕಂಪನಿಯೇ ಎನ್ನೋಣವೆಂದರೆ ಅದಕ್ಕೆ ಸೆರೆಯಲ್ಲಿಡಲು ದೇಹವಿಲ್ಲ, ಪಶ್ಚಾತ್ತಾಪಪಡಲು ಮನಸ್ಸಿಲ್ಲ.

ಕಬ್ಬಿನ ಸೀಮೆಯವರಾದ ನಮಗೆ ಇದು ದೂರದ ಮಾತಲ್ಲ. ಕಬ್ಬನ್ನು ಅರೆದು ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಕಾಕಂಬಿಯಿಂದ ಮದ್ಯಸಾರವನ್ನು ಇಳಿಸುವಾಗ ಒಂದು ಲೀಟರಿಗೆ ಸುಮಾರು 10 ಲೀಟರಿನಷ್ಟು ಕಂದುಬಣ್ಣದ ಕೊಳೆನೀರು ಹೊರಬೀಳುತ್ತದೆ. ಅದು ಶುದ್ಧಿಯಾಗದೆ ಹೊಳೆಗೆ ಬಿದ್ದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಇದನ್ನು ತಡೆವ ವಿದ್ಯೆ ಲೋಕಕ್ಕೆ ತಿಳಿಯದುದೇನೂ ಅಲ್ಲ. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿ ಉರಿಯುವ ಅನಿಲವನ್ನು ತೆಗೆಯಬಹುದು, ಬತ್ತಿಸಿ ಗಟ್ಟಿಮಾಡಿ ಸುಡಬಹುದು, ಗೊಬ್ಬರದೊಡನೆ ಕಲಸಬಹುದು. ಹಣ ಬೇಕು, ಅಷ್ಟೆ. ಆದುದರಿಂದ ಇಂತಹ ಕಡೆ ಹೊಳೆ ಕೆಡುವುದು ಬಹುಮಟ್ಟಿಗೆ ಹಣ ಉಳಿಸುವ ನಿರ್ಣಯದಿಂದ. ನಿರ್ಣಯವು ಯಂತ್ರದ್ದಲ್ಲ, ಮನುಷ್ಯನದು.

ಕಾರ್ಖಾನೆಯನ್ನೇ ಮುಚ್ಚಿಸಿದರಾಯಿತು ಎನ್ನುವವರುಂಟು. ಮಂಡ್ಯದವರು ಹಾಗೆ ಸುಲಭವಾಗಿ ಹೇಳಲಾರರು. 1933ರಲ್ಲಿ ಇಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆಯು ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯತೊಡಗಿತು. ಅದು ನಿಂತುದು ನಷ್ಟದಿಂದ, ಮಾಲಿನ್ಯದಿಂದಲ್ಲ. ಆದರೂ ಗಾಣ ನಿಂತರೆ ಯಾರ ಒಲೆ ಆರುವುದೆಂಬುದನ್ನು ಈ ಸೀಮೆ ಬಲ್ಲದು. ಗದ್ದೆಯಲ್ಲಿ ಒಣಗುವುದು ರೈತನ ಕಬ್ಬು, ತಪ್ಪುವುದು ಕಾರ್ಮಿಕನ ಸಂಬಳ. ಇನ್ನು ಕಂಪನಿಗೆ ದಂಡ ಹಾಕಿದರೋ, ಅದು ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಒಂದು ಬಾಬ್ತಾಗುತ್ತದೆ. ನಿರ್ಣಯಿಸಿದವನ ಮೇಲೆಯೇ ಶಿಕ್ಷೆ ಬೀಳಲಿ ಎಂಬ ವಾದದ ಬಲ ಇರುವುದು ಇಲ್ಲಿ.

ನಮ್ಮ ಶಾಸನಕ್ಕೆ ಇದು ತಿಳಿಯದೆ ಇರಲಿಲ್ಲ. 1974ರ ಜಲಮಾಲಿನ್ಯ ಕಾಯಿದೆಯ 47ನೆಯ ಕಲಮು, ಕಂಪನಿಯ ವ್ಯವಹಾರವನ್ನು ನಡೆಸುವ ಹೊಣೆಹೊತ್ತವನನ್ನೂ ಅಪರಾಧಿಯೆಂದೇ ಎಣಿಸುತ್ತದೆ. ಉತ್ತರಪ್ರದೇಶದ ಮೋದಿ ಡಿಸ್ಟಿಲರಿಯ ಮೊಕದ್ದಮೆಯಲ್ಲಿ, ದೂರಿನಲ್ಲಿ ಕಂಪನಿಯ ಹೆಸರು ತಪ್ಪಿತೆಂಬ ತಾಂತ್ರಿಕ ದೋಷವನ್ನು ಹಿಡಿದು ಅಧ್ಯಕ್ಷರೂ ನಿರ್ದೇಶಕರೂ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು 1987ರಲ್ಲಿ ತೀರ್ಮಾನಿಸಿತು. ಆದರೆ ಈಚೆಗೆ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. 1986ರ ಪರಿಸರ ಕಾಯಿದೆಯಲ್ಲಿ ಅಪರಾಧಕ್ಕೆ 5 ವರ್ಷಗಳವರೆಗೆ ಸೆರೆಯಿತ್ತು. 2023ರ ಜನವಿಶ್ವಾಸ ಕಾಯಿದೆಯು ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇಟ್ಟಿತು. ದಂಡವನ್ನೂ ತೆರದವನಿಗೆ ಮಾತ್ರ ಸೆರೆಯ ಭಯ. ಅತ್ತ ಬೆಲ್ಜಿಯಂ ದೇಶವು 2024ರಲ್ಲಿ ಒಪ್ಪಿದ ಹೊಸ ದಂಡಸಂಹಿತೆಯಲ್ಲಿ ಪ್ರಕೃತಿಹತ್ಯೆಯನ್ನೇ ಒಂದು ಅಪರಾಧವೆಂದು ಸೇರಿಸಿರುವಾಗ, ಇತ್ತ ನಾವು ಹಿಂದೆ ಸರಿದುದು ವಿಚಾರಣೀಯ.

ಭೋಪಾಲವನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 1984ರ ಡಿಸೆಂಬರ್ 2-3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದರು. ಅಮೆರಿಕೆಯ ಮೂಲ ಕಂಪನಿಯ ಅಧ್ಯಕ್ಷ ವಾರೆನ್ ಆಂಡರ್ಸನ್ ಡಿಸೆಂಬರ್ 7ರಂದು ಬಂಧಿತನಾಗಿ, ಜಾಮೀನು ಪಡೆದು ಹೊರಟವನು 2014ರಲ್ಲಿ ತನ್ನ ದೇಶದಲ್ಲಿಯೇ ತೀರಿಕೊಂಡನು. ಇಲ್ಲಿಯ ನ್ಯಾಯಾಸನದ ಮುಂದೆ ಮರಳಿ ನಿಲ್ಲಲಿಲ್ಲ. ಭಾರತೀಯ ಶಾಖೆಯ ಅಧ್ಯಕ್ಷರೂ ಸೇರಿ ಏಳು ಮಂದಿಗೆ 2010ರ ಜೂನ್ 7ರಂದು 2 ವರ್ಷಗಳ ಶಿಕ್ಷೆಯಾಯಿತು. ಅಂದೇ ಜಾಮೀನೂ ದೊರೆಯಿತು. ಇಪ್ಪತ್ತೈದು ವರ್ಷ ಕಾದವರಿಗೆ ದೊರೆತುದು ಇಷ್ಟು.

ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಒಬ್ಬನು ಮಾಡಿದ ಕರ್ಮವನ್ನು ಮತ್ತೊಬ್ಬನು ಉಣ್ಣಬೇಕೆಂಬುದು ಧರ್ಮವೇ? ಅಲ್ಲ. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ಶಕ್ತಿಮೀರಿ ಯತ್ನಿಸಿದೆನೆಂದೋ ಸಿದ್ಧಪಡಿಸಿದವನನ್ನು 1974ರ ಕಾಯಿದೆಯೂ ಬಿಡುತ್ತದೆ. ಬಿಡಲೇಬೇಕು. ಆದರೆ ತಿಳಿಯದಿರುವುದು ಬೇರೆ, ತಿಳಿಯದಂತೆ ಏರ್ಪಾಟುಮಾಡಿಕೊಳ್ಳುವುದು ಬೇರೆ. ಲಾಭವೆಷ್ಟೆಂದು ಪ್ರತಿ ತಿಂಗಳೂ ವಿಚಾರಿಸುವವನು ಕೊಳೆನೀರು ಎತ್ತ ಹೋಯಿತೆಂದು ಒಮ್ಮೆಯೂ ವಿಚಾರಿಸಲಿಲ್ಲವೆಂದರೆ, ಆ ಅಜ್ಞಾನವು ಅವನೇ ಕೊಂಡುಕೊಂಡುದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಅಕ್ಕಿಯನ್ನು ಆಯ್ದವಳು ಅವಳಲ್ಲ, ಮಾರಯ್ಯ. ಎಂದಿಗಿಂತ ಹೆಚ್ಚು ಬಂದುದನ್ನು ಕಂಡೊಡನೆ ಅವಳು ಪ್ರಶ್ನಿಸಿದಳು. ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ತಂದವನು ಗಂಡ, ತನಗೇನೆಂದು ಅಡಿಗೆಗೆ ಇಟ್ಟಿದ್ದರೆ ಲೋಕ ಅವಳನ್ನು ದೂರುತ್ತಿರಲಿಲ್ಲ. ಉಣ್ಣುವ ಕೈಗೂ ಕೇಳುವ ಹೊಣೆಯುಂಟೆಂದು ಅವಳು ಬಗೆದಳು. ಒಂದು ಹಿಡಿ ಅಕ್ಕಿಯ ವಿಷಯದಲ್ಲಿ ಬಡವಿಯೊಬ್ಬಳು ಹೊತ್ತ ಹೊಣೆಯನ್ನು ಕೋಟಿ ರೂಪಾಯಿಯ ನಿರ್ದೇಶಕನು ಹೊರಲಾರೆನೆಂದರೆ ನಂಬುವುದು ಕಷ್ಟ.

ಈ ಅಳತೆ ನಮ್ಮ ಹೊಸ್ತಿಲನ್ನೂ ದಾಟಿ ಬರುತ್ತದೆಯೆಂಬುದನ್ನು ಮುಚ್ಚಿಡುವುದು ತರವಲ್ಲ. ನಮ್ಮಲ್ಲಿಯೂ ಕೆಲವರು ಕಾರ್ಖಾನೆಗಳ ಷೇರುದಾರರು. ಹಲವರು ಕಬ್ಬು ಒಪ್ಪಿಸುವವರು. ಷೇರುದಾರನನ್ನು ಸೆರೆಗೆ ಕಳುಹಿಸಬೇಕೆಂದು ಯಾರೂ ಹೇಳರು, ನಾನೂ ಹೇಳೆ. ಆದರೆ ವಾರ್ಷಿಕ ಸಭೆಯಲ್ಲಿ ಟನ್ನಿಗೆ ಬೆಲೆಯೆಷ್ಟು, ಬಾಕಿ ಎಂದು ಬಂದೀತು ಎಂದು ಕೇಳಲು ಎದ್ದುನಿಂತವನು, ಕುಳಿತುಕೊಳ್ಳುವ ಮುನ್ನ, ಕೊಳೆನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದೂ ಕೇಳಬಹುದು. ಕೇಳಿದುದನ್ನು ನಡಾವಳಿಯಲ್ಲಿ ಬರೆಯಿಸಬಹುದು. ಹಾಗೆ ಬರೆದುದು ಇರುವಾಗ, ನಾಳೆ ನ್ಯಾಯಾಲಯದಲ್ಲಿ ನನಗೆ ತಿಳಿದಿರಲಿಲ್ಲವೆಂದು ಹೇಳುವುದು ಯಾವ ನಿರ್ದೇಶಕನಿಗೂ ಅಷ್ಟು ಸುಲಭವಾಗದು.