ಗ್ರೀಷ್ಮದ ಋತುಚರ್ಯೆಯೂ ನೆರಳಿನ ಋಣವೂ

ಧರ್ಮಾದಿ ನಾಲ್ಕು ಪುರುಷಾರ್ಥಗಳಿಗೂ ಆರೋಗ್ಯವೇ ಮೂಲವೆಂದು ಚರಕಾಚಾರ್ಯರು ಹೇಳಿದ್ದಾರೆ. ಆ ಮೂಲವು ಒಣಗದಂತೆ ಕಾಯ್ದುಕೊಳ್ಳಲು ಆಯುರ್ವೇದವು ಋತುವಿಗೆ ತಕ್ಕ ನಡೆಯನ್ನು, ಎಂದರೆ ಋತುಚರ್ಯೆಯನ್ನು, ವಿಧಿಸಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಮಗೆ ಮಿಕ್ಕ ಋತುಗಳಿಗಿಂತ ಗ್ರೀಷ್ಮದ ಚರ್ಯೆಯೇ ಹೆಚ್ಚು ಅವಶ್ಯವಾದುದು. 2021ರಲ್ಲಿ ಈ ತಾಲ್ಲೂಕುಗಳು ಹೊಸದಾದ ವಿಜಯನಗರ ಜಿಲ್ಲೆಗೆ ಸೇರಿದವು. ಬಿಸಿಲು ಮಾತ್ರ ಹಳೆಯ ಬಳ್ಳಾರಿಯದೇ ಆಗಿ ಉಳಿಯಿತು. ಕಲ್ಲುಗುಡ್ಡ, ಮಸಾರಿ ನೆಲ, ಅಲ್ಲಲ್ಲಿ ಜಾಲಿ ಮತ್ತು ಬೇವು, ಅಲ್ಪ ಮಳೆ: ವೈದ್ಯಗ್ರಂಥಗಳು ಜಾಂಗಲದೇಶವೆಂದು ಕರೆಯುವ ನಾಡಿನ ಲಕ್ಷಣಗಳು ಇವೇ ಆಗಿವೆ.

ಉತ್ತರಾಯಣವು ಆದಾನಕಾಲ. ಸೂರ್ಯನು ಭೂಮಿಯ ಸಾರವನ್ನೂ ಪ್ರಾಣಿಗಳ ಬಲವನ್ನೂ ಹೀರಿಕೊಳ್ಳುವ ಕಾಲವೆಂದು ಅದರ ಅರ್ಥ. ಶಿಶಿರದಲ್ಲಿ ಆರಂಭವಾಗುವ ಈ ಹೀರುವಿಕೆಯು ಗ್ರೀಷ್ಮದಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಬೇಸಗೆಯಲ್ಲಿ ಕೆರಳುವುದು ಪಿತ್ತವೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಗ್ರಂಥಗಳ ಲೆಕ್ಕ ಬೇರೆ. ಗ್ರೀಷ್ಮದಲ್ಲಿ ಸಂಚಯವಾಗುವುದು ವಾತ. ಅದು ಪ್ರಕೋಪಗೊಳ್ಳುವುದು ಮಳೆಗಾಲದಲ್ಲಿ. ಪಿತ್ತದ ಸಂಚಯ ವರ್ಷಾಋತುವಿನಲ್ಲಿ, ಪ್ರಕೋಪ ಶರತ್ತಿನಲ್ಲಿ. ಆದುದರಿಂದಲೇ ಗ್ರೀಷ್ಮದ ಆಹಾರವು ತಂಪಾಗಿದ್ದರೆ ಸಾಲದು. ಮಧುರವೂ ದ್ರವವೂ ಸ್ವಲ್ಪ ಜಿಡ್ಡುಳ್ಳದ್ದೂ ಆಗಿರಬೇಕು. ಉಪ್ಪು, ಹುಳಿ, ಖಾರ, ವ್ಯಾಯಾಮ, ಬಿಸಿಲುಗಳನ್ನು ದೂರವಿರಿಸಬೇಕು. ಉಳಿದ ಋತುಗಳಲ್ಲಿ ಸಲ್ಲದೆನಿಸಿದ ಹಗಲುನಿದ್ರೆಗೂ ಈ ಋತುವಿನಲ್ಲಿ ಅನುಮತಿಯುಂಟು.

ಇಲ್ಲೊಂದು ಎಚ್ಚರ ಬೇಕು. ಪಂಚಾಂಗದ ಗ್ರೀಷ್ಮ ಜ್ಯೇಷ್ಠ ಮತ್ತು ಆಷಾಢ. ನಮ್ಮಲ್ಲಿ ಜ್ಯೇಷ್ಠ ಕಾಲಿಡುವಷ್ಟರಲ್ಲಿ ಮುಂಗಾರಿನ ಮೋಡ ಕಾಣಿಸಿಕೊಳ್ಳುತ್ತದೆ. ನಿಜವಾದ ಬೇಗೆಯೆಲ್ಲ ಚೈತ್ರ, ವೈಶಾಖಗಳದು. ಆದುದರಿಂದ ತಿಂಗಳ ಹೆಸರನ್ನು ನೋಡದೆ ಆಕಾಶವನ್ನು ನೋಡಿ ನಡೆಯತಕ್ಕದ್ದು. ನಮ್ಮ ತಾಯಂದಿರು ಹಾಗೆಯೇ ನಡೆದರು. ಅಂಬಲಿ, ಜೋಳದ ನುಚ್ಚು, ಬೆಲ್ಲದ ಪಾನಕ, ಹೆಸರುಬೇಳೆಯ ಕೋಸಂಬರಿ, ಲಾವಂಚದ ಬೇರು ಹಾಕಿದ ಹೊಸ ಮಡಕೆಯ ನೀರು, ಇವೆಲ್ಲ ಯುಗಾದಿಯ ವೇಳೆಗೇ ಮನೆಯೊಳಗೆ ಬರುತ್ತಿದ್ದವು. ಉಷ್ಣಕಾಲದಲ್ಲಿ ಮಜ್ಜಿಗೆ ಬೇಡವೆಂಬ ಮಾತು ಶಾಸ್ತ್ರದಲ್ಲಿದ್ದರೂ ಹೇರಳವಾಗಿ ನೀರು ಬೆರೆಸಿ ನೀರುಮಜ್ಜಿಗೆಯನ್ನಾಗಿ ಮಾಡಿ ಅದನ್ನು ದೇಹಕ್ಕೆ ಒಗ್ಗಿಸಿಕೊಂಡರು. ಹೀಗೆ ಅಭ್ಯಾಸದಿಂದ ಒಗ್ಗಿದುದನ್ನು ವೈದ್ಯರು ಸಾತ್ಮ್ಯವೆನ್ನುತ್ತಾರೆ. (ಕೊಟ್ಟೂರಿನ ಮಿರ್ಚಿ ಮಂಡಕ್ಕಿಯ ವಿಷಯದಲ್ಲಿ ಮಾತ್ರ ಶಾಸ್ತ್ರಕ್ಕೂ ನಾಲಗೆಗೂ ಇನ್ನೂ ರಾಜಿಯಾಗಿಲ್ಲ. ಈ ಲೇಖಕನು ನಾಲಗೆಗೆ ಸೋತವರ ಗುಂಪಿನವನೇ.)

ಇಷ್ಟನ್ನು ಯಾವ ವೈದ್ಯಪುಸ್ತಕವಾದರೂ ಹೇಳೀತು. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೊಂದು.

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯವು ಋತುಚರ್ಯೆ. ಗ್ರೀಷ್ಮದ ಮಧ್ಯಾಹ್ನವನ್ನು ಎತ್ತರದ ಮರಗಳ ದಟ್ಟ ನೆರಳಿನಲ್ಲಿ, ಇಲ್ಲವೆ ನೀರು ಚಿಮ್ಮುವ ತಂಪಾದ ಗೃಹದಲ್ಲಿ ಕಳೆಯಬೇಕೆಂದು ಅಲ್ಲಿ ಹೇಳಿದೆ. ರಾತ್ರಿ ಬೆಳದಿಂಗಳ ಉಪ್ಪರಿಗೆ, ಚಂದನದ ಲೇಪ, ಚಂದ್ರನಕ್ಷತ್ರಗಳ ಕೆಳಗೆ ತಣಿದ ಎಮ್ಮೆಯ ಹಾಲು. ಓದುವುದಕ್ಕೆ ಸೊಗಸಾಗಿದೆ. ಆದರೆ ಆ ನೀರನ್ನು ಹೊತ್ತು ತಂದವರಾರು? ಚಂದನವನ್ನು ತೇದವರಾರು? ಆ ಮಧ್ಯಾಹ್ನದಲ್ಲಿ ಎಮ್ಮೆಯನ್ನು ಮೇಯಿಸುತ್ತಿದ್ದವನ ಋತುಚರ್ಯೆ ಯಾವುದು?

ಕೆಲವು ವರ್ಷಗಳ ಹಿಂದೆ ವೈಶಾಖದಲ್ಲಿ ನಮ್ಮ ಮನೆಗೆ ಒಂದು ಕೋಣೆಯನ್ನು ಕೂಡಿಸುತ್ತಿದ್ದೆವು. ನಾನು ಒಳಗೆ ಒದ್ದೆ ಬಟ್ಟೆ ಇಳಿಬಿಟ್ಟ ಕಿಟಕಿಯ ಬಳಿ ಪಾನಕ ಕುಡಿದು ಇದೇ ಅಧ್ಯಾಯವನ್ನು ಓದುತ್ತ ಒರಗಿದ್ದೆ. ಸುಮಾರು ಎರಡು ಗಂಟೆ. ಹೊರಗೆ ಗದ್ದಲವಾಯಿತು. ಗಾರೆ ಹೊರುತ್ತಿದ್ದ ವೃದ್ಧನೊಬ್ಬನು ಇಟ್ಟಿಗೆಯ ರಾಶಿಗೆ ಆತು ಕುಳಿತು ಅಸಂಬದ್ಧವಾಗಿ ಮಾತನಾಡುತ್ತಿದ್ದನು. ಮೈ ಕೆಂಡದಂತೆ ಸುಡುತ್ತಿತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ ಪಾನಕದ ಲೋಟವನ್ನು ಅವನ ಬಾಯಿಗೆ ಹಿಡಿದದ್ದು. ಮೇಸ್ತ್ರಿ ನನ್ನ ಕೈಯನ್ನು ತಡೆದನು. ಪ್ರಜ್ಞೆ ತಪ್ಪುತ್ತಿರುವವನ ಬಾಯಿಗೆ ಏನನ್ನೂ ಹಾಕಬಾರದೆಂಬುದು ಅವನಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ನೆರಳಿಗೆ ಎತ್ತಿ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ದರು. ಮುದುಕ ಬದುಕಿಕೊಂಡನು. ಬೆಳಿಗ್ಗೆಯಿಂದಲೂ ಅವನಿಗೆ ತಲೆ ತಿರುಗುತ್ತಿತ್ತಂತೆ. ಹೇಳಿದರೆ ಅರ್ಧ ದಿನದ ಕೂಲಿ ಹೋಗುವುದೆಂದು ಹೇಳಿರಲಿಲ್ಲ. ಮರುದಿನ ನಾನು ನೋಡಹೋದಾಗ ಅವನ ಮಗಳೇ ನನ್ನನ್ನು ಸಮಾಧಾನಪಡಿಸಿದಳು: “ನಮಗ ಬಿಸ್ಲು ರೂಢಿ ಐತ್ರಿ ಯಪ್ಪಾ, ಅವತ್ತು ಯಾಕೋ ಹಿಂಗಾತು.”

ರೂಢಿ! ನಾವು ನೆರಳಿನಲ್ಲಿ ಕುಳಿತವರು ಈ ಮಾತನ್ನು ಎಷ್ಟು ಸಲ ಆಡಿಲ್ಲ? ಸಾತ್ಮ್ಯವೆಂಬ ಶಾಸ್ತ್ರೀಯ ಶಬ್ದವೂ ನಮ್ಮ ನೆರವಿಗೆ ಸಿದ್ಧವಾಗಿದೆ. ದೇಹವು ಬಿಸಿಲಿಗೆ ಕೆಲಮಟ್ಟಿಗೆ ಪಳಗುವುದು ನಿಜವೇ. ಒಂದೆರಡು ವಾರಗಳ ಅಭ್ಯಾಸದಿಂದ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ಆದರೆ ಬೆವರಲು ನೀರು ಬೇಕು. ಬೆವರು ಆರಲು ಗಾಳಿ ಬೇಕು. ಇವೆರಡೂ ಸಾಲದೆ ಮೈಶಾಖವು 104 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿ ಬುದ್ಧಿಭ್ರಮಣೆ ಆರಂಭವಾದರೆ ಯಾವ ರೂಢಿಯೂ ಕಾಯದು. ಅದು ಮನೆಮದ್ದಿನ ವ್ಯಾಧಿಯೂ ಅಲ್ಲ. ಮೈಯನ್ನು ತಣ್ಣೀರಿನಿಂದ ತಂಪು ಮಾಡುತ್ತಲೇ ಆಸ್ಪತ್ರೆಗೆ ಧಾವಿಸಬೇಕು. ಗ್ರೀಷ್ಮದಲ್ಲಿ ಉಪ್ಪನ್ನು ಬಿಡೆಂಬ ವಿಧಿಯೂ ನೆರಳಿನಲ್ಲಿರುವವನಿಗೆ ಹೇಳಿದ್ದು. ದಿನವಿಡೀ ಬೆವರು ಸುರಿಸುವವನಿಗೆ ನೀರುಮಜ್ಜಿಗೆಯಲ್ಲಿ ಚಿಟಿಕೆ ಉಪ್ಪೇ ಔಷಧ. ಒಂದೇ ಊರು, ಒಂದೇ ಋತು. ಆದರೂ ಗೋಡೆಯ ಆಚೆಗೂ ಈಚೆಗೂ ಚರ್ಯೆ ಎರಡಾಗುತ್ತದೆ.

ಇದು ಕೂಲಿಯ ಪ್ರಶ್ನೆ, ವೈದ್ಯದ ಪ್ರಶ್ನೆಯಲ್ಲ ಎಂದು ಕೆಲವು ಪ್ರಾಜ್ಞರು ಹೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆದರೆ ಸ್ವಸ್ಥನೆಂದರೆ ಯಾರೆಂಬುದನ್ನು ಸುಶ್ರುತಾಚಾರ್ಯರು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತ್ವಕ್ಕೇ ನಿಲ್ಲಲಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂದೂ ಸೇರಿಸಿದರು. ಇಟ್ಟಿಗೆಯ ರಾಶಿಯ ಬಳಿ ಆ ದಿನ ನನ್ನ ತ್ರಿದೋಷಗಳು ಸಮವಾಗಿಯೇ ಇದ್ದವು. ಪ್ರಸನ್ನತೆಯೆಲ್ಲಿತ್ತು? ಮತ್ತೆ ಆ ಪುಸ್ತಕವನ್ನು ಕೈಗೆತ್ತಿಕೊಂಡಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೂರನೆಯ ಅಧ್ಯಾಯದ ಹಿಂದೆ ಎರಡನೆಯದಿದೆ, ದಿನಚರ್ಯೆ. ಜೀವನೋಪಾಯವಿಲ್ಲದವರಿಗೂ ರೋಗಿಗಳಿಗೂ ದುಃಖಿಗಳಿಗೂ ಶಕ್ತಿಯಿದ್ದಷ್ಟು ನೆರವಾಗಬೇಕೆಂದೂ, ಹುಳುವನ್ನೂ ಇರುವೆಯನ್ನೂ ತನ್ನಂತೆಯೇ ಕಾಣಬೇಕೆಂದೂ ಅಲ್ಲಿ ವಿಧಿಸಿದೆ. ಹಲ್ಲುಜ್ಜುವುದು, ಎಣ್ಣೆ ಹಚ್ಚಿಕೊಳ್ಳುವುದು ಇತ್ಯಾದಿ ನಿತ್ಯವಿಧಿಗಳ ಸಾಲಿನಲ್ಲಿಯೇ ಇದೂ ಬರುತ್ತದೆ. ಇರುವೆಯನ್ನು ತನ್ನಂತೆ ಕಾಣಲು ಕಲಿತವನಿಗೆ ಮಾತ್ರ ಮುಂದಿನ ಅಧ್ಯಾಯದ ಪಾನಕವನ್ನು ಕೊಟ್ಟಿದ್ದಾರೆ. ನಾನು ಎರಡನೆಯದನ್ನು ಹಾರಿಸಿ ಮೂರನೆಯದನ್ನು ಓದಿದ್ದೆ.

ನಮ್ಮ ಸೀಮೆಯಲ್ಲಿ ಈ ಎರಡು ಅಧ್ಯಾಯಗಳನ್ನು ಕೂಡಿಸಿ ನಡೆದ ಉದಾಹರಣೆಗಳಿಗೆ ಕೊರತೆಯಿಲ್ಲ. ದಾರಿಹೋಕರಿಗಾಗಿ ಅರವಟ್ಟಿಗೆ ಇಡುವ ಧರ್ಮ ಕನ್ನಡ ಶಾಸನಗಳಷ್ಟು ಹಳೆಯದು. ಮಾಘ ಬಹುಳದಲ್ಲಿ ಕೊಟ್ಟೂರೇಶ್ವರ ರಥೋತ್ಸವಕ್ಕೆ ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ನಡೆದು ಬರುವವರಿಗೆ ಇಂದಿಗೂ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಅನ್ನ ದೊರೆಯುತ್ತವೆ. ಪಾದಯಾತ್ರಿಗೆ ಕೈಮುಗಿದು ಮಜ್ಜಿಗೆ ಕೊಡುವ ನಾವು ವೈಶಾಖದಲ್ಲಿ ಅದೇ ರಸ್ತೆಯ ಬದಿಗೆ ಜಲ್ಲಿ ಒಡೆಯುವವನ ಮುಂದೆ ಮೋಟಾರು ನಿಲ್ಲಿಸುವುದಿಲ್ಲ. ಅವನದೂ ಕಾಯಕವೇ.

ಸರಕಾರವೂ ಒಂದು ಋತುಚರ್ಯೆಯನ್ನು ಬಲ್ಲುದು. ಕಲಬುರಗಿ ವಿಭಾಗದ ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇರಿಸುವ ಪದ್ಧತಿ ಹಲವು ವರ್ಷಗಳಿಂದ ನಡೆದುಬಂದಿದೆ. ಉದ್ಯೋಗ ಖಾತರಿಯ ಕೆಲಸಗಳಲ್ಲಿಯೂ ಬೇಸಗೆಗೆ ಅಳತೆಯ ರಿಯಾಯಿತಿಯನ್ನು ಕೊಟ್ಟದ್ದುಂಟು. ನೌಕರನ ಸಂಬಳ ಇದರಿಂದ ಕಡಿಮೆಯಾಗುವುದಿಲ್ಲ, ಆಗಲೂಬಾರದು. ಖಾಸಗಿಯಾಗಿ ಕೂಲಿ ಹಿಡಿಯುವ ನಮ್ಮ ಹೊಲ, ಮನೆ, ಇಟ್ಟಿಗೆಭಟ್ಟಿಗಳಿಗೆ ಮಾತ್ರ ಇಂಥ ಆಜ್ಞೆಯನ್ನು ಹೊರಡಿಸುವವರು ನಾವೇ.

ಮರುವರ್ಷದ ಬೇಸಗೆಯಲ್ಲಿ ಹಿತ್ತಿಲಿನ ಗೋಡೆಯ ಕೆಲಸವಿತ್ತು. ಬೆಳಿಗ್ಗೆ ಆರಕ್ಕೆ ಆರಂಭಿಸಿ ಹನ್ನೊಂದಕ್ಕೆ ನಿಲ್ಲಿಸೋಣ, ಸಂಜೆ ನಾಲ್ಕರ ಮೇಲೆ ಎರಡು ಗಂಟೆ ಮಾಡಿದರೆ ಸಾಕೆಂದು ಮೇಸ್ತ್ರಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಲಿ ಹೆಂಗ್ರಿ, ಕಡಿಮಿ ಮಾಡ್ತೀರೇನು?” ಎಂದು ಕೇಳಿದನು. ನಿಜ ಹೇಳಬೇಕೆಂದರೆ ನಾನು ಆ ಕ್ಷಣ ತಡವರಿಸಿದೆ. ಬಳಿಕ ಪೂರ್ತಿ ಕೊಡುವೆನೆಂದೆ. ಗೋಡೆ ಮುಗಿಯಲು ನಾನು ಎಣಿಸಿದ್ದಕ್ಕಿಂತ ನಾಲ್ಕು ದಿನ ಹೆಚ್ಚು ಹಿಡಿಯಿತು, ಖರ್ಚೂ ಅಷ್ಟು ಹೆಚ್ಚಾಯಿತು. ಆ ಮುದುಕನೂ ಬಂದಿದ್ದನು. ಗಾರೆ ಹೊರುವ ಕೆಲಸವನ್ನು ಅವನಿಗೆ ಕೊಡಲಿಲ್ಲ. ಬೇವಿನ ಮರದಡಿಯ ಮಡಕೆಗಳನ್ನು ತುಂಬಿಸಿಡುವುದು ಅವನ ಪಾಲಿಗೆ ಬಂತು. ಮೊದಲ ದಿನವೇ ಅವನು ಒಂದು ಒಡಕು ಮಡಕೆಯನ್ನು ಗುಬ್ಬಿಗಳಿಗೆಂದು ಗೋಡೆಯಾಚೆಗೆ ಬೇರೆ ಇಟ್ಟನು.