ಉಳಿಸಿಕೊಂಡ ಒಂದು ಪಟ್ಟು

ಭತ್ತದ ಹುಲ್ಲನ್ನು ಮೊಳದಷ್ಟು ದಪ್ಪಕ್ಕೆ ಹಾಸಿ, ಮೇಲೆ ಟಾರ್ಪಾಲು ಬಿಗಿದರೆ ಬಿದ್ದವರಿಗೆ ನೋವಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹೊಳಲೂರಿನ ನಮ್ಮ ಕಣದಲ್ಲಿ ತಮ್ಮಂದಿರ ಮಕ್ಕಳಿಬ್ಬರು ಹೀಗೊಂದು ಅಖಾಡ ಮಾಡಿಕೊಂಡರು. ದೊಡ್ಡವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿತು ಬಂದಿದ್ದ. ಚಿಕ್ಕವನು ಪಿಯುಸಿ ಹುಡುಗ, ಪಂದ್ಯಕ್ಕೆ ಅಣಿಯಾಗುತ್ತಿದ್ದ ಅಣ್ಣನ ತಾಲೀಮಿಗೆ ಜೋಡಿ. ಹರೆಯದಲ್ಲಿ ಗರಡಿಯ ಕೆಮ್ಮಣ್ಣು ಮೈಗೆ ಹಚ್ಚಿಕೊಂಡವನು ನಾನು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.

ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಇವರು ತಾವಾಗಿಯೇ ನೆಲಕ್ಕೆ ಕೂತು, ಅಂಗಾತ ಮಲಗಿ, ಅಲ್ಲಿಂದ ಹೋರಾಟ ಶುರುಮಾಡುತ್ತಾರೆ. ಕೆಳಗಿದ್ದವನು ಮೇಲಿನವನನ್ನು ಮಗುಚಿ ಹಾಕಿದರೆ ಅದು ಸ್ವೀಪ್, 2 ಅಂಕ. ಹಿಂದಕ್ಕೆ ನುಸುಳಿ, ಎರಡೂ ಹಿಮ್ಮಡಿಗಳನ್ನು ಎದುರಾಳಿಯ ತೊಡೆಗಳ ಒಳಗೆ ಸಿಕ್ಕಿಸಿ 3 ಸೆಕೆಂಡು ಬೆನ್ನು ಹಿಡಿದರೆ 4 ಅಂಕ.

ದೊಡ್ಡವನ ಕೈಯಲ್ಲಿ ಒಂದು ಒಳ್ಳೆಯ ಸ್ವೀಪ್ ಇತ್ತು. ಎದುರು ಮಂಡಿಯೂರಿದವನ ಒಂದು ತೋಳನ್ನು ತನ್ನ ಎದೆಗೆ ಅವುಚಿಕೊಳ್ಳುತ್ತಿದ್ದ. ಪಾದವನ್ನು ಅವನ ಒಳತೊಡೆಗೆ ಕೊಕ್ಕೆಯಂತೆ ಕೊಟ್ಟು, ಹಿಡಿದ ತೋಳಿನ ಕಡೆಗೇ ಒರಗಿ ಎತ್ತುತ್ತಿದ್ದ. ಊರಲು ಕೈಯಿಲ್ಲದ ಚಿಕ್ಕವನು ಹುಲ್ಲಿನ ಹೊರೆಯ ಹಾಗೆ ಉರುಳುತ್ತಿದ್ದ. ಸಂಜೆಗೆ ಹತ್ತು ಸಲ ಮಾಡಿದರೆ ಹತ್ತು ಸಲವೂ ಬೀಳುತ್ತಿದ್ದ.

ಒಂದು ದಿನ ಅವನು ಬೆವರು ಒರೆಸಿಕೊಳ್ಳುತ್ತಾ, ‘ಅಣ್ಣಾ, ನಾನು ಹೆಂಗೆ ಬೀಳ್ತಿದೀನಿ ಅಂತ ತೋರ್ಸಿಕೊಡು’ ಎಂದ. ದೊಡ್ಡವನು ನನ್ನ ಮುಖ ನೋಡಿದ.

‘ಪಂದ್ಯ ಮುಗೀಲಿ. ಒಂದು ಪಟ್ಟು ನಿನ್ನ ಹತ್ರಾನೇ ಇರ್ಲಿ’ ಎಂದವನು ನಾನು.

ಗರಡಿಯಲ್ಲಿ ನಾನು ಕೇಳಿಕೊಂಡು ಬೆಳೆದ ಮಾತೇ ಅದು. ಪಾರಸಿ ಕವಿ ಸಾದಿ 1258ರಲ್ಲಿ ಮುಗಿಸಿದ ಗುಲಿಸ್ತಾನದಲ್ಲೂ ಇಂಥ ಕಥೆಯಿದೆ: 360 ಪಟ್ಟು ಬಲ್ಲ ಪೈಲ್ವಾನನೊಬ್ಬ ಶಿಷ್ಯನಿಗೆ 359 ಕಲಿಸಿದ, ಶಿಷ್ಯ ಸೊಕ್ಕಿ ಗುರುವಿನ ಮೇಲೇ ತೊಡೆ ತಟ್ಟಿದಾಗ, ಉಳಿಸಿಕೊಂಡ ಆ ಒಂದರಿಂದ ಅವನನ್ನು ಕೆಡವಿದ. ಕೇಳಿದವರೆಲ್ಲ ಗುರುವಿನ ಜಾಣತನಕ್ಕೆ ತಲೆದೂಗುತ್ತಾರೆ. ನಾನೂ ತಲೆದೂಗಿದವನೇ.

ದೊಡ್ಡವನು ಪಂದ್ಯಕ್ಕೆಂದು ಬೆಂಗಳೂರಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದ. ಎದುರಾಳಿ ಅಂಥ ಬಲಶಾಲಿಯೇನೂ ಅಲ್ಲವಂತೆ. ಇವನು ಒರಗಿದ ಕೂಡಲೇ ತೋಳು ಕಿತ್ತುಕೊಂಡು ದೂರಕ್ಕೆ ಕೈ ಊರಿದನಂತೆ, ಅಷ್ಟೇ. ಇವನಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಮತ್ತಷ್ಟು ಬಲ ಹಾಕಿ ಎಳೆದ, ದಣಿದ, ಅಡಿಗೆ ಸಿಕ್ಕಿಬಿದ್ದ.

ಆ ವಾರ ಅವನು ತಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ತೋರಿಸಿಕೊಟ್ಟ: ಕೊಕ್ಕೆ ಎಲ್ಲಿ, ಭಾರ ಎತ್ತ, ತಪ್ಪಿಸಿಕೊಳ್ಳಲು ಕೈ ಯಾವಾಗ ಕೀಳಬೇಕು. ಮೂರನೇ ದಿನಕ್ಕೆ ಸ್ವೀಪ್ ನಿಂತುಹೋಯಿತು. ಚಿಕ್ಕವನು ಪ್ರತಿ ಸಲವೂ ಕೈ ಊರಿ ಉಳಿದುಕೊಂಡ. ಆಗ ದೊಡ್ಡವನ ಕಣ್ಣಿಗೆ ಬಿದ್ದದ್ದು ಆ ಊರಿದ ಕೈ. ಅದು ನೆಟ್ಟಗೆ ಚಾಚಿಕೊಂಡಿತ್ತು, ಕಂಕುಳು ಬಾಯ್ದೆರೆದಿತ್ತು, ಭುಜದ ಹಿಂದೆ ಒಬ್ಬ ನುಸುಳುವಷ್ಟು ಜಾಗವಿತ್ತು. ಮೇಲ್ತೋಳನ್ನು ಅಡ್ಡಕ್ಕೆಳೆದು ಸೊಂಟ ಜಾರಿಸಿದ, ಬೆನ್ನು ಸಿಕ್ಕಿತು. ಬೆನ್ನು ಕೊಡಲಾರೆನೆಂದು ಚಿಕ್ಕವನು ಕೈ ಎತ್ತಿದರೆ ಮೊದಲಿನ ಸ್ವೀಪಿಗೇ ಉರುಳಿದ. ಎರಡೂ ಸೇರಿಯೇ ಒಂದು ಪಟ್ಟು. ಇಷ್ಟು ದಿನ ಅವನ ಹತ್ತಿರ ಇದ್ದದ್ದು ಅರ್ಧ ಮಾತ್ರ.

ಈ ಪ್ರಕರಣದಲ್ಲಿ ತಪ್ಪು ನನ್ನದು. ಪಂದ್ಯದ ಎದುರಾಳಿಗೆ ಪಟ್ಟು ಮುಚ್ಚಿಡುವುದು ನ್ಯಾಯ. ಅವನೂ ತನ್ನದನ್ನು ಮುಚ್ಚಿಟ್ಟುಕೊಂಡೇ ಬಂದಿರುತ್ತಾನೆ. ಜೋಡಿಯ ವಿಷಯ ಹಾಗಲ್ಲ. ಅವನು ದಿನವೂ ತನ್ನ ಮೈ, ಕೀಲು, ಕುತ್ತಿಗೆಯನ್ನು ನಂಬಿ ನಮ್ಮ ಕೈಗೆ ಕೊಡುತ್ತಾನೆ. ಅದನ್ನು ಪಡೆದುಕೊಂಡು ತಿಳಿವನ್ನು ಬಚ್ಚಿಡುವುದು ದುಡಿಸಿಕೊಂಡು ಕೂಲಿ ಕೊಡದ ಹಾಗೆ. ಆ ಹತ್ತಕ್ಕೆ ಹತ್ತು ಗೆಲುವೂ ತಮ್ಮನ ಅರಿಯದಿರುವಿಕೆಯ ಮೇಲೆ ನಿಂತಿದ್ದವು. ಅವನ್ನು ನೋಡಿ ಕಟ್ಟೆಯ ಮೇಲೆ ಕೂತು ನಾನು ಹಿಗ್ಗಿದ್ದೆನಲ್ಲ, ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಸಾದಿಯ ಗುರುವನ್ನೂ ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಶಿಷ್ಯನ ಸೊಕ್ಕಿಗೆ ಪಾಠವಾಯಿತು, ನಿಜ. ಆದರೆ ಆ 360ನೆಯ ಪಟ್ಟಿನ ಗತಿಯೇನು? ಗುರುವಿನ ಜೊತೆಯಲ್ಲೇ ಅದು ಮಣ್ಣಾಗಿರಬೇಕು.

ಹುಡುಗರ ಈ ಜಿಯು-ಜಿಟ್ಸು ಉಳಿದು ಬಂದದ್ದೇ ಬಚ್ಚಿಡದೆ. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆ ತೆರೆದ ಜಿಗೊರೊ ಕಾನೊ, ತಾನೂ ಎದುರಿನವನೂ ಕೂಡಿ ಏಳಿಗೆಯಾಗಬೇಕೆಂಬುದನ್ನು ಜೂಡೋದ ಮೂಲತತ್ವವೆಂದು ಸಾರಿದರು. ಅಲ್ಲಿ ಪಳಗಿದ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲಿಗೆ ಹೋಗಿ, ಮುಂದೆ ಕಾರ್ಲೋಸ್ ಗ್ರೇಸಿ ಎಂಬ ಪರದೇಶದ ಹುಡುಗನಿಗೆ ಕಲಿಸಿದರು. ಅಲ್ಲಿಂದ ಹೊರಟದ್ದು ಹೊಳಲೂರಿನ ಕಣದವರೆಗೆ ಬಂದಿದೆ.

ಈಗ ದೊಡ್ಡವನು ಎಷ್ಟೋ ಸಂಜೆ ಸೋಲುತ್ತಾನೆ. ಮೊನ್ನೆ ಚಿಕ್ಕವನು ಅಣ್ಣನ ಬೆನ್ನು ಹಿಡಿದು ಕುತ್ತಿಗೆಗೆ ತೋಳು ಸುತ್ತಿದ. ಅಣ್ಣ ಸೋಲೊಪ್ಪಿ ಅವನ ಮೊಣಕೈ ಮೇಲೆ ಎರಡು ಸಲ ತಟ್ಟಿದ, ಅವನು ಆ ಕ್ಷಣವೇ ಬಿಟ್ಟ. ಮರುದಿನ ನಾನು ಕಟ್ಟೆಯಿಂದ ಇಳಿದು, ಅಂಗಿ ಬಿಚ್ಚಿಟ್ಟು, ಮೂವತ್ತು ವರ್ಷಗಳಿಂದ ಯಾರಿಗೂ ತೋರಿಸದ ನನ್ನ ಪಟ್ಟನ್ನು ಇಬ್ಬರಿಗೂ ತೋರಿಸಿಕೊಟ್ಟೆ.